ಜಮೀನು ಮಾರುವ ಮೊದಲು ಒಂದು ಫೋನ್ ಮಾಡಿ

ಮಾನ್ಯ ಸಂಪಾದಕರೇ,

ನೀಟ್ ಫಲಿತಾಂಶ ಬಂತೆಂದರೆ ಹೊಳಲ್ಕೆರೆಯ ನಮ್ಮ ಮನೆಗೆ ಬರುವವರು ಜಾಸ್ತಿಯಾಗುತ್ತಾರೆ. ನಾನು ಅಂಚೆ ಕಚೇರಿಯಲ್ಲಿ ಗುಮಾಸ್ತನಾಗಿದ್ದವನು, ಡಾಕ್ಟರಿಕೆ ನನಗೇನು ಗೊತ್ತು? ಆದರೆ ಮಗಳು ಇಲ್ಲಿ ಎಂಬಿಬಿಎಸ್ ಮುಗಿಸಿ ಅಮೆರಿಕದಲ್ಲಿ ರೆಸಿಡೆನ್ಸಿ, ಅಂದರೆ ನಮ್ಮ ಪಿಜಿ ಥರ ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತಲೇ ಕಲಿಯುವ ತಜ್ಞ ತರಬೇತಿ, ಮಾಡುತ್ತಿದ್ದಾಳೆ. ಹಾಗಾಗಿ ಎಲ್ಲರದ್ದೂ ಒಂದೇ ಪ್ರಶ್ನೆ: "ಯಾವ ಕಾಲೇಜಿಗೆ ಹಾಕಿದ್ರೆ ಅಮೆರಿಕ ಸುಲಭ ಸಾರ್?" ಕೆಲವರು ಇದಕ್ಕೆಂದೇ ಮ್ಯಾನೇಜ್‌ಮೆಂಟ್ ಸೀಟಿಗೆ ಜಮೀನು ಮಾರಲು ಹೊರಟಿರುತ್ತಾರೆ. ಅದಕ್ಕೇ ಈ ಪತ್ರ.

ನಮ್ಮಲ್ಲಿ ಪಿಜಿ ಸೀಟಿಗೆ ನೀಟ್-ಪಿಜಿ ರ‍್ಯಾಂಕ್ ಒಂದು ಚೆನ್ನಾಗಿ ಬಂದರೆ ಸಾಕು. ರಾಜ್ಯದ ಕೋಟಾ ವಿಚಾರ ಬಿಟ್ಟರೆ, ಎಲ್ಲಿ ಓದಿದೆ ಅಂತ ಯಾರೂ ಕೇಳುವುದಿಲ್ಲ. ಅಲ್ಲಿ ಹಾಗಲ್ಲ. ಅರ್ಜಿ ನೋಡಿ ಆಸ್ಪತ್ರೆಗಳು ಸಂದರ್ಶನಕ್ಕೆ ಕರೆಯುತ್ತವೆ. ಆಮೇಲೆ ಹುಡುಗರು ತಮಗೆ ಬೇಕಾದ ಆಸ್ಪತ್ರೆಗಳ ಪಟ್ಟಿ ಕೊಡುತ್ತಾರೆ, ಆಸ್ಪತ್ರೆಗಳು ತಮಗೆ ಬೇಕಾದ ಹುಡುಗರ ಪಟ್ಟಿ ಕೊಡುತ್ತವೆ. ಎರಡನ್ನೂ ಕಂಪ್ಯೂಟರ್ ಹೊಂದಿಸುತ್ತದೆ, ಜಾತಕ ಕೂಡಿಸಿದ ಹಾಗೆ. ಹೆಸರೇ ಮ್ಯಾಚ್ ಅಲ್ವಾ!

ಅಲ್ಲಿಯೇ ಓದುವವರಿಗೆ ಕಾಲೇಜಿನ ಆಯ್ಕೆ ನಿಜಕ್ಕೂ ಮುಖ್ಯ. ನ್ಯೂಜೆರ್ಸಿಯಲ್ಲಿರುವ ನನ್ನ ತಮ್ಮನ ಮಗಳಿಗೆ ಚರ್ಮರೋಗ ವಿಭಾಗವೇ ಬೇಕಿತ್ತು. ಅವಳ ಕಾಲೇಜಿನಲ್ಲಿ ಆ ವಿಭಾಗಕ್ಕೆ ಸ್ವಂತ ರೆಸಿಡೆನ್ಸಿ ಇತ್ತು. ಮೊದಲ ವರ್ಷದಿಂದಲೇ ಅಲ್ಲಿಯ ಪ್ರೊಫೆಸರ್ ಜೊತೆ ಸಂಶೋಧನೆ ಮಾಡಿದಳು, ಶಿಫಾರಸು ಪತ್ರವನ್ನೂ ಅವರಿಂದಲೇ ಪಡೆದಳು, ಕೊನೆಗೆ ಸೀಟೂ ಅಲ್ಲೇ ಸಿಕ್ಕಿತು. ಅವಳ ಗೆಳತಿಯ ಕಾಲೇಜಿನಲ್ಲಿ ಅದಿರಲಿಲ್ಲ. ಪಾಪ, ಬೇರೆ ಊರುಗಳ ಆಸ್ಪತ್ರೆಗಳಲ್ಲಿ ತಿಂಗಳು ತಿಂಗಳು ಕೆಲಸ ಮಾಡಿ ತನ್ನ ಪರಿಚಯ ಮಾಡಿಕೊಳ್ಳಬೇಕಾಯಿತು.

ಇಲ್ಲಿಂದ ಹೋಗುವವರ ಕಥೆಯೇ ಬೇರೆ. ನಮ್ಮ ಎರಡು ಕಾಲೇಜುಗಳ ನಡುವೆ ನಾವು ಕಾಣುವ ವ್ಯತ್ಯಾಸ ಅಲ್ಲಿಯವರಿಗೆ ಅಷ್ಟಾಗಿ ಕಾಣುವುದಿಲ್ಲ. ಮೊದಲಾದರೆ ಅಮೆರಿಕದ ವೈದ್ಯಕೀಯ ಲೈಸೆನ್ಸ್ ಪರೀಕ್ಷೆಯ ಮೊದಲ ಹಂತವಾದ ಸ್ಟೆಪ್ 1ರಲ್ಲಿ ಭಾರಿ ಅಂಕ ತೆಗೆದು ಎದ್ದು ಕಾಣಬಹುದಿತ್ತು. 2022ರ ಜನವರಿಯಿಂದ ಅದು ಬರೀ ಪಾಸು-ಫೇಲು. ಸ್ಟೆಪ್ 2ಕ್ಕೆ ಈಗಲೂ ಅಂಕ ಇದೆ, ಹಾಗಾಗಿ ಹೊರೆಯೆಲ್ಲ ಅದರ ಮೇಲೆ. 2024ರ ಮ್ಯಾಚ್‌ನಲ್ಲಿ ಅಮೆರಿಕದ ಎಂಡಿ (ಅಲ್ಲಿ ಅದು ನಮ್ಮ ಎಂಬಿಬಿಎಸ್ ಇದ್ದ ಹಾಗೆ) ಕಾಲೇಜುಗಳ ಕೊನೆ ವರ್ಷದವರಲ್ಲಿ ನೂರಕ್ಕೆ 93 ಜನರಿಗೆ ಸೀಟು ಸಿಕ್ಕಿತು. ಹೊರದೇಶದಲ್ಲಿ ಓದಿದ ಹೊರದೇಶದವರಲ್ಲಿ ಸಿಕ್ಕಿದ್ದು 58 ಜನರಿಗೆ. ಅದೂ ಹೆಚ್ಚಾಗಿ ಇಂಟರ್ನಲ್ ಮೆಡಿಸಿನ್, ಫ್ಯಾಮಿಲಿ ಮೆಡಿಸಿನ್ ಇಂಥವು. ಮೂಳೆ, ಚರ್ಮದ ವಿಭಾಗಗಳಲ್ಲಿ ಬೆರಳೆಣಿಕೆ.

ನಮ್ಮ ಕಾಲೇಜು ಎಲ್ಲಿ ಕೆಲಸಕ್ಕೆ ಬರುತ್ತದೆ, ಎಲ್ಲಿ ಕೈಕೊಡುತ್ತದೆ ಅನ್ನುವುದು ನನಗೆ ತಿಳಿದದ್ದು ಮಗಳ ಕಾಲೇಜಿನ ಆಫೀಸಿನ ಕಿಟಕಿಯ ಮುಂದೆ ನಿಂತಾಗ. ಅರ್ಜಿಯ ಜೊತೆ ಡೀನ್ ಪತ್ರ ಅಂತ ಒಂದು ಹೋಗಬೇಕು. ತಮ್ಮನ ಮಗಳದ್ದು ನೋಡಿದ್ದೇನೆ, ಎಷ್ಟೋ ಪುಟ. ಯಾವ ವಾರ್ಡಿನಲ್ಲಿ ಹೇಗೆ ಕೆಲಸ ಮಾಡಿದಳು, ತರಗತಿಯಲ್ಲಿ ಎಷ್ಟನೆಯವಳು, ಎಲ್ಲ ಇದೆ. ನನ್ನ ಮಗಳ ಕಾಲೇಜಿನಲ್ಲಿ ಕೇಳಿದರೆ, "ಕಂಡಕ್ಟ್ ಸರ್ಟಿಫಿಕೇಟ್ ತಾನೇ?" ಎಂದು ನಾಲ್ಕು ಸಾಲು ಟೈಪ್ ಮಾಡಿ ಸೀಲು ಒತ್ತಿದರು. "ಈಕೆಯ ನಡತೆ ತೃಪ್ತಿಕರವಾಗಿರುತ್ತದೆ." ಊರವರ ರಿಜಿಸ್ಟರ್ಡ್ ಕಾಗದಗಳನ್ನು ಜೋಪಾನ ಮಾಡಿಯೇ ಸಂಬಳ ತಿಂದ ನನಗೆ ಅದನ್ನು ನೋಡಿ ಹೊಟ್ಟೆ ಉರಿಯಿತು. ಅದನ್ನು ಬದಲಾಯಿಸಲು ಆರು ಸಲ ಬಸ್ಸು ಹತ್ತಿದೆ.

ಇನ್ನೊಂದು. ಅಮೆರಿಕದ ಆಸ್ಪತ್ರೆಯಲ್ಲಿ ರೋಗಿಯನ್ನು ಮುಟ್ಟಿ ಕೆಲಸ ಕಲಿಯುವ ಎಲೆಕ್ಟಿವ್ ಸಿಗುವುದು ವಿದ್ಯಾರ್ಥಿಯಾಗಿರುವಾಗ. ಪದವಿ ಮುಗಿದ ಮೇಲೆ ಸಾಮಾನ್ಯವಾಗಿ ಪಕ್ಕದಲ್ಲಿ ನಿಂತು ನೋಡುವುದಷ್ಟೇ. ಮಗಳಿಗೆ ಕಾಲೇಜು ರಜೆ ಕೊಡಲಿಲ್ಲ, ಒಪ್ಪಿಗೆ ಪತ್ರಕ್ಕೆ ಸಹಿಯನ್ನೂ ಹಾಕಲಿಲ್ಲ. ಅವಳಿಗೂ ಚರ್ಮರೋಗ ಓದುವ ಆಸೆಯಿತ್ತು. ಅದನ್ನು ಪಕ್ಕಕ್ಕಿಟ್ಟು ಇಂಟರ್ನಲ್ ಮೆಡಿಸಿನ್‌ಗೆ ಅರ್ಜಿ ಹಾಕಿದಳು. 2024ರ ಮಾರ್ಚ್ 15, ಶುಕ್ರವಾರ, ಮ್ಯಾಚ್ ಫಲಿತಾಂಶದ ದಿನ. ನಮ್ಮ ರಾತ್ರಿ ಒಂಬತ್ತೂವರೆಗೆ ಅವರಿಗೆ ಮಧ್ಯಾಹ್ನ ಹನ್ನೆರಡು. ಸೀಟು ಸಿಕ್ಕಿದೆ ಅಂತ ಸೋಮವಾರವೇ ತಿಳಿದಿತ್ತು, ಯಾವ ಊರು ಅಂತ ಗೊತ್ತಿರಲಿಲ್ಲ. ಮೇಲ್ ತೆರೆದು "ಮಿಷಿಗನ್ ಅಪ್ಪಾ" ಅಂದಳು. ನನ್ನ ಹೆಂಡತಿ ಮೊದಲು ಕೇಳಿದ್ದು, "ಅಲ್ಲಿ ಚಳಿ ಜಾಸ್ತಿನಾ?"

ಹೋದ ವಾರ ಹೊಸದುರ್ಗದಿಂದ ಒಬ್ಬರು ಬಂದಿದ್ದರು. ಕೈಯಲ್ಲಿ ಕಾಲೇಜೊಂದರ ಬಣ್ಣದ ಪುಸ್ತಕ, ಮುಖಪುಟದಲ್ಲಿ ಈಜುಕೊಳ. ನಾನು ಎರಡೇ ಪ್ರಶ್ನೆ ಬರೆದುಕೊಟ್ಟೆ. ಹೊರಗೆ ಎಲೆಕ್ಟಿವ್‌ಗೆ ಹೋಗಲು ರಜೆ ಕೊಡ್ತೀರಾ? ಡೀನ್ ಪತ್ರ ಬರೆಯುವವರು ಯಾರು? ಅವರು ನಮ್ಮ ಪಡಸಾಲೆಯಲ್ಲೇ ಕೂತು, ಫೋನ್ ಸ್ಪೀಕರ್‌ಗೆ ಹಾಕಿ ಕೇಳಿದರು. ಆ ಕಡೆಯಿಂದ ಉತ್ತರ ತಡವಾಗಲಿಲ್ಲ: "ಹಾಸ್ಟೆಲ್ ಫುಲ್ ಏಸಿ ಸಾರ್. ಅಡ್ವಾನ್ಸ್ ಯಾವಾಗ ಕಟ್ತೀರಾ?"

- ನಿವೃತ್ತ ಅಂಚೆ ನೌಕರ, ಹೊಳಲ್ಕೆರೆ