ಮಗಳಿಗೊಂದು ಪತ್ರ: ಹಡಗು ಹತ್ತುವ ಮೊದಲು

ಬಸವನಗುಡಿ, ಬೆಂಗಳೂರು

ಪ್ರೀತಿಯ ಪುಟ್ಟಿ,

ಸಿಂಗಾಪುರದಿಂದ ಹೊರಟು ಪೆನಾಂಗ್, ಪುಕೆಟ್ ನೋಡಿಕೊಂಡು ಬರುವ ನಾಲ್ಕು ರಾತ್ರಿಯ ಕ್ರೂಸ್ ಬುಕ್ ಮಾಡಿದ್ದೀವಿ ಅಂದೆಯಲ್ಲ, ತುಂಬಾ ಸಂತೋಷ. ನೀನು, ಅಳಿಯಂದಿರು, ನಿಮ್ಮತ್ತೆ, ಮಾವ ಅಂದರೆ ನಾಲ್ಕು ಜನ, ಎರಡು ಕ್ಯಾಬಿನ್. ಏಜೆಂಟ್ "ಎಲ್ಲಾ ಸೇರಿದೆ ಮೇಡಂ" ಅಂದಿದ್ದನ್ನು ಮಾತ್ರ ಅರ್ಧ ಕಿವಿಯಲ್ಲಿ ಕೇಳು. ಟಿಕೆಟ್‌ನಲ್ಲಿ ಸೇರಿರುವುದು ಕ್ಯಾಬಿನ್, ಮೂರು ಹೊತ್ತಿನ ಊಟ, ಈಜುಕೊಳ, ರಾತ್ರಿಯ ಶೋಗಳು. ಉಳಿದದ್ದೆಲ್ಲ ಹಡಗು ಹತ್ತಿದ ಮೇಲೆ ಹಡಗಿನವರು ಕೊಡುವ ಕಾರ್ಡು ತೋರಿಸಿ ತೋರಿಸಿ ಕೊಡುವ ದುಡ್ಡು. ಅದೂ ಡಾಲರಿನಲ್ಲಿ. ಜೇಬು ಖಾಲಿಯಾಗುವುದು ಅಲ್ಲೇ.

ಮೊದಲು ಟಿಪ್ಸ್ ವಿಷಯ. ದೊಡ್ಡ ಹಡಗು ಕಂಪನಿಗಳು ಸಾಮಾನ್ಯ ಕ್ಯಾಬಿನ್‌ನವರಿಂದ ದಿನಕ್ಕೆ ತಲೆಗೆ ಸುಮಾರು 16ರಿಂದ 20 ಡಾಲರ್ ಗ್ರಾಚುಯಿಟಿ ಅಂತ ತಾವಾಗಿಯೇ ಹಾಕಿಕೊಳ್ಳುತ್ತವೆ. 18 ಡಾಲರ್ ಅಂತ ಹಿಡಿದರೂ ನಿಮ್ಮ ನಾಲ್ಕು ಜನಕ್ಕೆ ನಾಲ್ಕು ರಾತ್ರಿಗೆ 288 ಡಾಲರ್. ಇದು ಬುಕಿಂಗ್‌ನಲ್ಲಿ ಸೇರಿದೆಯೋ ಇಲ್ಲವೋ ಅಂತ ಏಜೆಂಟ್ ಹತ್ತಿರ ಬರವಣಿಗೆಯಲ್ಲಿ ಕೇಳು. ಸೇರಿಲ್ಲದಿದ್ದರೆ ಇಲ್ಲಿಂದಲೇ ಕಟ್ಟಿಬಿಡು. ಎಷ್ಟೋ ಸಲ ಹೊರಡುವ ಮೊದಲು ದರ ಏರುತ್ತದೆ, ಮೊದಲೇ ಕಟ್ಟಿದವರಿಗೆ ಹಳೇ ದರವೇ ಸಾಮಾನ್ಯವಾಗಿ ಉಳಿಯುತ್ತದೆ. ಉಳಿತಾಯ ಮಾಡೋಣ ಅಂತ ಇದನ್ನು ತೆಗೆಸುವವರಿದ್ದಾರೆ. ಹಾಸಿಗೆ ಹಾಸುವವರು, ಊಟ ಬಡಿಸುವವರ ಸಂಪಾದನೆಗೆ ಅದರಿಂದಲೇ ಏಟು ಬೀಳುತ್ತದೆ. ಆ ಉಳಿತಾಯ ನಮಗೆ ಬೇಡ.

ಇದಲ್ಲದೆ ಕುಡಿಯುವ ಪಾನೀಯ, ದುಡ್ಡು ಕೊಟ್ಟು ತಿನ್ನುವ ವಿಶೇಷ ರೆಸ್ಟೋರೆಂಟ್, ಸ್ಪಾ, ಇವುಗಳ ಮೇಲೆ ಸಾಮಾನ್ಯವಾಗಿ 18% ಸೇವಾ ಶುಲ್ಕ ಬೇರೆ. ಮೆನುವಿನಲ್ಲಿ 12 ಡಾಲರ್ ಅಂತಿದ್ದ ಲೋಟಕ್ಕೆ ಬಿಲ್ಲು 14.16. ನಿನ್ನ ಕ್ರೆಡಿಟ್ ಕಾರ್ಡಿಗೆ 3.5% ವಿದೇಶಿ ಮಾರ್ಕಪ್, ಅಂದರೆ ಬೇರೆ ದೇಶದ ಕರೆನ್ಸಿಯ ಖರ್ಚಿಗೆ ಬ್ಯಾಂಕು ಹಾಕುವ ಶುಲ್ಕ, ಇದ್ದರೆ, ಆ ಮಾರ್ಕಪ್ ಮೇಲೆ ಜಿಎಸ್‌ಟಿ ಸೇರಿ ಸುಮಾರು 14.75. ಹನ್ನೆರಡು ಅಂತ ಕೈಗೆ ತಗೊಂಡದ್ದು ಹದಿನೈದರ ಹತ್ತಿರ ಬಂತು. ಬಿಲ್ಲಿನಲ್ಲಿ ಟಿಪ್ಸ್ ಬರೆಯಲು ಇನ್ನೊಂದು ಖಾಲಿ ಗೆರೆ ಇರುತ್ತದೆ. 18% ಆಗಲೇ ಸೇರಿರುವುದರಿಂದ ಅದನ್ನು ಹಾಗೇ ಬಿಡಬಹುದು.

ಹಡಗಿನಲ್ಲಿ ನಿಮ್ಮ ಖರ್ಚೆಲ್ಲ ಒಂದು ಖಾತೆಗೆ ಬರೆದುಕೊಳ್ಳುತ್ತಾರೆ, ಅದಕ್ಕೆ ಜೋಡಿಸುವ ಬ್ಯಾಂಕ್ ಕಾರ್ಡು ಯಾವುದು ಅಂತ ಈಗಲೇ ತೀರ್ಮಾನಿಸು. ಮಾರ್ಕಪ್ ಕಡಿಮೆ ಇರುವ ಕ್ರೆಡಿಟ್ ಕಾರ್ಡು ಒಳ್ಳೆಯದು, ಬ್ಯಾಂಕಿನ ಆ್ಯಪ್‌ನಲ್ಲಿ ಅಂತರರಾಷ್ಟ್ರೀಯ ಬಳಕೆ ಆನ್ ಮಾಡಿರಬೇಕು. ಡೆಬಿಟ್ ಕಾರ್ಡು, ಮೊದಲೇ ವಿದೇಶಿ ದುಡ್ಡು ತುಂಬಿಸಿಕೊಂಡ ಫಾರೆಕ್ಸ್ ಕಾರ್ಡು ಹಡಗಿನ ಖಾತೆಗೆ ಜೋಡಿಸಬೇಡ: ಖರ್ಚಾಗದ ದುಡ್ಡನ್ನೂ ಮುಂಗಡವಾಗಿ ತಡೆಹಿಡಿಯುತ್ತಾರೆ, ಅದು ಬಿಡುಗಡೆಯಾಗಲು ದಿನಗಟ್ಟಲೆ ಬೇಕು, ಅಷ್ಟರಲ್ಲಿ ಪೇಟೆಯಲ್ಲಿ ಕಾರ್ಡು ನಡೆಯುವುದಿಲ್ಲ. ಫಾರೆಕ್ಸ್ ಕಾರ್ಡು ಊರಿಗಿಳಿದಾಗ ಬಳಸು. ಮಷೀನಿನಲ್ಲಿ "ರೂಪಾಯಿಯಲ್ಲಿ ಕೊಡುತ್ತೀರಾ" ಅಂತ ಕೇಳಿದರೆ ಬೇಡ ಅನ್ನು, ಅಲ್ಲಿಯ ಕರೆನ್ಸಿಯನ್ನೇ ಒತ್ತು. ರೂಪಾಯಿ ಒತ್ತಿದರೆ ಅವರು ಹೇಳಿದ್ದೇ ದರ. ಪ್ಯಾಕೇಜಿಗೆ ಕಟ್ಟಿದ ಟಿಸಿಎಸ್, ಅಂದರೆ ಏಜೆಂಟ್ ಮೊದಲೇ ವಸೂಲಿ ಮಾಡಿ ಸರ್ಕಾರಕ್ಕೆ ಕಟ್ಟುವ ಆದಾಯ ತೆರಿಗೆ, ಮಾತ್ರ ಹೋದ ದುಡ್ಡಲ್ಲ. ಅದು ಯಾರ ಪ್ಯಾನ್‌ನಲ್ಲಿ ಬಿದ್ದಿದೆಯೋ ಅವರ ಆದಾಯ ತೆರಿಗೆ ಪೋರ್ಟಲ್ ಖಾತೆಯಲ್ಲಿ ಕಾಣಿಸುತ್ತದೆ, ರಿಟರ್ನ್ ಹಾಕುವಾಗ ತೆರಿಗೆಗೆ ಹೊಂದಿಸಿಕೊಳ್ಳಬಹುದು. ಅಳಿಯಂದಿರಿಗೆ ನೆನಪಿಸು.

ಡ್ರಿಂಕ್ಸ್ ಪ್ಯಾಕೇಜ್ ವಿಷಯದಲ್ಲಿ ಲೆಕ್ಕ ಹಾಕದೆ ಕೈ ಹಾಕಬೇಡ. ಮದ್ಯದ ಪ್ಯಾಕೇಜ್ ಒಬ್ಬರು ತಗೊಂಡರೆ ಅದೇ ಕ್ಯಾಬಿನ್‌ನ ಇನ್ನೊಬ್ಬ ವಯಸ್ಕರೂ ತಗೊಳ್ಳಬೇಕು ಅನ್ನುವ ನಿಯಮ ಹಲವು ಕಂಪನಿಗಳಲ್ಲಿದೆ. ಅಳಿಯಂದಿರು ಎರಡು ಬಿಯರ್ ಕುಡಿಯಲು ನೀನೂ ದಿನದ ಲೆಕ್ಕದಲ್ಲಿ ದುಡ್ಡು ಕಟ್ಟಿದ ಹಾಗಾಗುತ್ತದೆ. ಅದೂ ಇಡೀ ಪ್ರಯಾಣಕ್ಕೆ. ನಾಲ್ಕು ರಾತ್ರಿಯಲ್ಲಿ ಎರಡು ಹಗಲು ನೀವು ಪೆನಾಂಗ್, ಪುಕೆಟ್‌ನಲ್ಲಿ ಅಲೆಯುತ್ತಿರುತ್ತೀರಿ, ಆಗ ಪ್ಯಾಕೇಜಿನಿಂದ ಏನೂ ಸಿಗುವುದಿಲ್ಲ. ಬಿಡಿಯಾಗಿ ಕೊಂಡರೇ ಅಗ್ಗ. ಸಾದಾ ನೀರು, ಕಾಫಿ, ಟೀ ಬಫೆಯಲ್ಲಿ ಪುಕ್ಕಟೆ. ಎಷ್ಟೋ ಹಡಗುಗಳಲ್ಲಿ ನಿಂಬೆ ಶರಬತ್ತು, ಐಸ್ ಟೀ ಕೂಡ. ದುಡ್ಡು ಕೇಳುವುದು ಕೋಲಾ, ಬಾಟಲಿ ನೀರು, ಕೆಫೆಯ ಕಾಪುಚಿನೊ, ತಾಜಾ ಹಣ್ಣಿನ ರಸಕ್ಕೆ. ತಲೆಗೊಂದು ಖಾಲಿ ಸ್ಟೀಲ್ ಬಾಟಲಿ ಇಟ್ಟುಕೊಳ್ಳಿ. ತುಂಬಿಸುವಾಗ ಬಾಟಲಿಯ ಬಾಯಿ ನಲ್ಲಿಗೆ ತಾಗಬಾರದು. ಲೋಟದಲ್ಲಿ ಹಿಡಿದು ಸುರಿದುಕೊಳ್ಳಿ, ಅಲ್ಲಿ ಹಾಗೇ ಕೇಳುತ್ತಾರೆ. ನಮ್ಮ ಫಿಲ್ಟರ್ ಕಾಫಿ ಅಂತೂ ಕನಸಿನಲ್ಲೇ. ಮಾವನವರಿಗೆ ಇನ್‌ಸ್ಟಂಟ್ ಕಾಫಿಯ ಸಣ್ಣ ಪೊಟ್ಟಣಗಳನ್ನು ಇಟ್ಟುಕೋ, ಬಿಸಿನೀರು ಬಫೆಯಲ್ಲಿ ಎಷ್ಟು ಬೇಕಾದರೂ ಸಿಗುತ್ತದೆ.

ಈಗ ಊಟ. ಮೊದಲ ಸಲ ಹೋಗುವವರು ಅಷ್ಟೂ ದಿನ ಬಫೆಯಲ್ಲೇ ತಟ್ಟೆ ಹಿಡಿದು ಅಲೆದು ಬರುತ್ತಾರೆ. ಅದೇ ಟಿಕೆಟ್ ದುಡ್ಡಿನಲ್ಲಿ ಮುಖ್ಯ ಊಟದ ಮನೆಯೂ ಸೇರಿದೆ ಅಂತ ಎಷ್ಟೋ ಜನಕ್ಕೆ ಗೊತ್ತೇ ಇರುವುದಿಲ್ಲ. ಮೆಯಿನ್ ಡೈನಿಂಗ್ ರೂಮ್ ಅಂತಾರೆ. ಬಿಳೀ ಬಟ್ಟೆ ಹಾಸಿದ ಮೇಜು, ಪ್ರತಿ ರಾತ್ರಿ ಬೇರೆ ಮೆನು, ಮೂರು ಸುತ್ತಿನ ಊಟ, ಅದೇ ವೇಟರ್. ಮದುವೆ ಮನೆಯಲ್ಲಿ ಎಲೆ ಮುಂದೆ ಕೂತವರಿಗೆ ಕೇಳಿ ಕೇಳಿ ಬಡಿಸುವ ಹಾಗೆ. ಎರಡು ಸ್ಟಾರ್ಟರ್ ಕೇಳಿದರೂ, ಮುಖ್ಯ ತಿನಿಸು ಹಿಡಿಸಲಿಲ್ಲ ಬೇರೆ ಕೊಡಿ ಅಂದರೂ ಸಾಮಾನ್ಯವಾಗಿ ದುಡ್ಡಿಲ್ಲ. ಮೆನುವಿನಲ್ಲಿ ಬೆಲೆ ಬರೆದಿರುವ ಒಂದೆರಡು ಐಟಂಗೆ ಮಾತ್ರ ಬಿಲ್ಲು ಬರುತ್ತದೆ. ಬೆಲೆ ಇದೆಯಾ ಅಂತ ನೋಡಿಕೊಂಡು ಹೇಳಿ.

ಊಟದ ಹೊತ್ತು ಬುಕಿಂಗ್‌ನಲ್ಲೇ ಆರಿಸಿಕೊಳ್ಳಬೇಕು. ಸಂಜೆ ಐದೂವರೆ ಆರರ ಮೊದಲ ಸರದಿ, ಎಂಟರ ಆಸುಪಾಸಿನ ಎರಡನೆಯದು, ಇಲ್ಲವೆ ಬೇಕಾದಾಗ ಹೋಗುವ ಸರದಿ. ನಿಮ್ಮತ್ತೆ ಮಾವ ಎಂಟಕ್ಕೆ ಉಣ್ಣುವವರು, ಎರಡನೆಯದೇ ಸರಿ ಅನ್ನಿಸಬಹುದು. ಆದರೆ ಕೂತು ಏಳಲು ಒಂದೂವರೆ ಗಂಟೆ ಬೇಕು. ಶೋ ಎಷ್ಟು ಹೊತ್ತಿಗೆ ಅಂತ ಹೊಂದಿಸಿ ನೋಡು.

ಅತ್ತೆಯವರು ಈರುಳ್ಳಿ ಬೆಳ್ಳುಳ್ಳಿ ತಿನ್ನುವುದಿಲ್ಲವಲ್ಲ, ಅದನ್ನು ಹಡಗು ಹತ್ತಿದ ಮೇಲೆ ಹೇಳಿದರೆ ಪ್ರಯೋಜನವಿಲ್ಲ. ಅಲ್ಲಿಯ ಅಡುಗೆಮನೆ ಮಸಾಲೆಯನ್ನು ಮೊದಲೇ ದೊಡ್ಡ ಪ್ರಮಾಣದಲ್ಲಿ ಮಾಡಿಟ್ಟಿರುತ್ತದೆ, ಅದರಿಂದ ಈರುಳ್ಳಿ ತೆಗೆಯಲಾಗುವುದಿಲ್ಲ. ಏಜೆಂಟ್‌ಗೆ ಈಗಲೇ "ಜೈನ್ ಊಟ" ಅಂತ ಬುಕಿಂಗ್‌ನಲ್ಲಿ ದಾಖಲು ಮಾಡಲು ಹೇಳು. ನಾವು ಜೈನರಲ್ಲದಿದ್ದರೂ ಹಡಗಿನವರಿಗೆ ಅರ್ಥವಾಗುವ ಹೆಸರು ಅದು. ಅದರಲ್ಲಿ ಆಲೂಗಡ್ಡೆ, ಗೆಡ್ಡೆ ಗೆಣಸೂ ಇರುವುದಿಲ್ಲ, ಅತ್ತೆಗೆ ಮೊದಲೇ ತಿಳಿಸಿಡು. ಮೊದಲ ರಾತ್ರಿಯೇ ಹೆಡ್ ವೇಟರ್‌ನ ಕರೆದು ಮತ್ತೆ ಹೇಳಿ. ಮಾರನೆಯ ದಿನದ ಮೆನುವನ್ನು ಹಿಂದಿನ ರಾತ್ರಿಯೇ ತೋರಿಸಿ, ಬೇಕಾದ್ದನ್ನು ಬೇರೆಯಾಗಿ ಮಾಡಿಸಿಕೊಡುತ್ತಾರೆ. ಬೇಳೆ, ಅನ್ನ, ಪನೀರು, ರೊಟ್ಟಿ ಸಾಮಾನ್ಯವಾಗಿ ಸಿಗುತ್ತದೆ. ಸಿಂಗಾಪುರದಿಂದ ಹೊರಡುವ ಹಡಗುಗಳಲ್ಲಿ ನಮ್ಮ ದೇಶದವರೇ ತುಂಬಾ ಇರುವುದರಿಂದ ಬಫೆಯಲ್ಲೂ ಭಾರತೀಯ ಊಟಕ್ಕೆ ಜಾಗವಿರುತ್ತದೆ.

ನಿಮಗೂ ಒಂದು ಮಾತು. "ವೆಜಿಟೇರಿಯನ್" ಅಂದರೆ ಅವರ ಲೆಕ್ಕದಲ್ಲಿ ಮೊಟ್ಟೆ ಸೇರಿರುತ್ತದೆ. ತರಕಾರಿ ಸೂಪು ಅಂತ ಕೊಟ್ಟಿದ್ದರ ಕೆಳಗೆ ಕೋಳಿಯ ಸ್ಟಾಕ್, ಅಂದರೆ ಕೋಳಿ ಬೇಯಿಸಿದ ನೀರು ಇರಬಹುದು. ಥಾಯ್ ಕರಿಯಲ್ಲಿ ಮೀನಿನ ಸಾಸ್, ಮಲೇಷ್ಯಾದ ಸಾಂಬಲ್ ಚಟ್ನಿಯಲ್ಲಿ ಸೀಗಡಿಯಿಂದ ಮಾಡುವ ಬೆಲಾಚಾನ್, ಚೀನೀ ಶೈಲಿಯ ಹುರಿದ ಸೊಪ್ಪಿನಲ್ಲಿ ಆಯ್ಸ್ಟರ್ ಸಾಸ್, ಸೀಸರ್ ಸಲಾಡಿನಲ್ಲಿ ಆಂಚೊವಿ ಮೀನು. ಸಿಹಿಯಲ್ಲಿ ಪನ್ನಾ ಕೊಟ್ಟಾ, ಮೂಸ್, ಮಾರ್ಷ್‌ಮ್ಯಾಲೊಗೆ ಜೆಲಾಟಿನ್ ಹಾಕುತ್ತಾರೆ, ಅದು ಪ್ರಾಣಿಯ ಮೂಳೆ ಚರ್ಮದ್ದು. ಹಾಗಾಗಿ "ಮಾಂಸ ಇದೆಯಾ" ಅಂತ ಕೇಳಬೇಡ. ಮಾಂಸ, ಮೀನು, ಸೀಗಡಿ, ಮೊಟ್ಟೆ, ಅದರ ಸಾಸ್, ಅದರ ಸ್ಟಾಕ್, ಒಂದೊಂದನ್ನೂ ಹೆಸರು ಹಿಡಿದು ಕೇಳು.

ದುಡ್ಡಿನ ವಿಶೇಷ ರೆಸ್ಟೋರೆಂಟ್ ನೋಡಲೇಬೇಕು ಅಂತಿದ್ದರೆ ಒಂದೇ ಸಲ ಹೋಗಿ, ಅದೂ ಸಮುದ್ರದಲ್ಲೇ ಇರುವ ದಿನದ ಮಧ್ಯಾಹ್ನಕ್ಕೆ, ಆಗ ತೆರೆದಿದ್ದರೆ ರಾತ್ರಿಗಿಂತ ಅಗ್ಗ. ಹೊರಡುವ ಮೊದಲು ಆನ್‌ಲೈನ್‌ನಲ್ಲಿ ಬುಕ್ ಮಾಡಿದರೆ ಹಡಗಿನ ದರಕ್ಕಿಂತ ಸಾಮಾನ್ಯವಾಗಿ ಕಡಿಮೆ. ವೈಫೈಗೂ ಅದೇ ಮಾತು. ಬುಕ್ ಮಾಡಿದ ಮೇಲೂ ಆಗಾಗ ದರ ನೋಡುತ್ತಿರು, ಇಳಿದರೆ ರದ್ದು ಮಾಡಿ ಮತ್ತೆ ತಗೋ. ನಿಜ ಹೇಳಬೇಕೆಂದರೆ, ಸಸ್ಯಾಹಾರಿಗಳು ಸ್ಟೀಕ್ ಹೌಸಿಗೆ ದುಡ್ಡು ಸುರಿದು ಬೇಯಿಸಿದ ಅಣಬೆ ತಿಂದು ಬರುವುದರಲ್ಲಿ ನನಗೆ ಅರ್ಥ ಕಾಣುವುದಿಲ್ಲ.

ಮನೆಯಲ್ಲಿ ಮಾಡಿದ ಪುಳಿಯೋಗರೆ ಗೊಜ್ಜು, ಚಟ್ನಿಪುಡಿ ಡಬ್ಬಿ ಕಟ್ಟಬೇಡ. ಮನೆಯ ಅಡುಗೆಯನ್ನು ಹಡಗಿನವರು ಸಾಮಾನ್ಯವಾಗಿ ಒಳಗೆ ಬಿಡುವುದಿಲ್ಲ. ಗಾಂಧಿ ಬಜಾರಿನಿಂದ ಅಂಗಡಿಯ ಸೀಲ್ ಇರುವ ಕೋಡುಬಳೆ, ಚಕ್ಕುಲಿ, ಚಟ್ನಿಪುಡಿ ಪ್ಯಾಕೆಟ್ ತಂದಿಡುತ್ತೇನೆ, ತೆರೆಯದೆ ಹಾಗೇ ಇಡು. ಗಸಗಸೆ ಸೇರಿದ್ದು ಯಾವುದೂ ಬೇಡ, ಸಿಂಗಾಪುರದಲ್ಲಿ ಅದನ್ನು ಮಾದಕವಸ್ತು ಕಾನೂನಿನಡಿ ತಡೆಯುತ್ತಾರೆ. ಎಲೆಕ್ಟ್ರಿಕ್ ಕೆಟಲ್, ಇಸ್ತ್ರಿಪೆಟ್ಟಿಗೆ, ನೀರು ಕಾಯಿಸುವ ಕಾಯಿಲ್, ಎಕ್ಸ್‌ಟೆನ್ಷನ್ ಬೋರ್ಡ್ ಹಡಗಿನಲ್ಲಿ ನಿಷಿದ್ಧ, ಬೆಂಕಿಯ ಭಯ. ಸ್ಕ್ಯಾನರಿನಲ್ಲಿ ಸಿಕ್ಕಿದರೆ ತೆಗೆದಿಟ್ಟುಕೊಳ್ಳುತ್ತಾರೆ, ಆ ಗಲಾಟೆಯಲ್ಲಿ ಸೂಟ್‌ಕೇಸೂ ತಡವಾಗಿ ಬರುತ್ತದೆ.

ಸೂಟ್‌ಕೇಸ್ ಹೇಗಿದ್ದರೂ ಕ್ಯಾಬಿನ್ ಬಾಗಿಲಿಗೆ ಬರುವುದು ಸಂಜೆಗೆ. ಹತ್ತುವ ದಿನ ಮಾವನವರ ಬಿಪಿ ಮಾತ್ರೆ, ಪಾಸ್‌ಪೋರ್ಟು, ಈಜುಡುಗೆ, ಒಂದು ಜೊತೆ ಬಟ್ಟೆ ಕೈಚೀಲದಲ್ಲಿರಲಿ. ಮಧ್ಯಾಹ್ನ ಎಲ್ಲರೂ ಬಫೆಗೆ ಮುಗಿಬೀಳುತ್ತಾರೆ. ಊಟದ ಮನೆ ಆ ದಿನ ತೆರೆದಿದೆಯಾ ಕೇಳಿ, ತೆರೆದಿದ್ದರೆ ಅಲ್ಲಿ ನೆಮ್ಮದಿಯಾಗಿ ಕೂರಬಹುದು. ಎಲ್ಲೇ ಉಣ್ಣಿ, ಸೋಪು ನೀರಿನಲ್ಲಿ ಕೈ ತೊಳೆದೇ ತಟ್ಟೆ ಹಿಡಿಯಿರಿ. ಹಡಗಿನಲ್ಲಿ ವಾಂತಿ ಭೇದಿ ಹರಡುವ ನೊರೊವೈರಸ್ಸಿಗೆ ಸ್ಯಾನಿಟೈಸರ್ ಅಷ್ಟಾಗಿ ಬಗ್ಗುವುದಿಲ್ಲ. ಅಲೆಗೆ ಹೊಟ್ಟೆ ತೊಳಸುವುದಕ್ಕೆ ಮಾತ್ರೆಯನ್ನು ಇಲ್ಲಿಯ ಡಾಕ್ಟರನ್ನು ಕೇಳಿಯೇ ತಗೊಂಡು ಹೋಗಿ, ತಲೆ ತಿರುಗಲು ಶುರುವಾಗುವ ಮೊದಲೇ ನುಂಗಬೇಕು. ಹಡಗಿನ ಡಾಕ್ಟರ ಬಿಲ್ಲು ನಿಮ್ಮ ಖಾತೆಗೇ ಬೀಳುತ್ತದೆ, ದುಬಾರಿ. ವಯಸ್ಸಾದವರಿಬ್ಬರಿಗೂ, ಇರುವ ಕಾಯಿಲೆಗಳನ್ನು ಮುಚ್ಚಿಡದೆ ಬರೆದು, ಟ್ರಾವೆಲ್ ಇನ್ಶೂರೆನ್ಸ್ ಮಾಡಿಸು.

ಬೆಂಗಳೂರಿನಿಂದ ಸಿಂಗಾಪುರಕ್ಕೆ ನಾಲ್ಕೂವರೆ ಗಂಟೆ ಅಷ್ಟೇ ಅಂತ ಅದೇ ದಿನ ಬೆಳಿಗ್ಗೆ ಇಳಿಯುವ ಫ್ಲೈಟ್ ಬೇಡ. ವಿಮಾನ ತಡವಾದರೆ ಹಡಗು ಕಾಯುವುದಿಲ್ಲ, ದುಡ್ಡೂ ವಾಪಸ್ ಇಲ್ಲ. ಹಿಂದಿನ ದಿನ ಹೋಗಿ ಸೆರಂಗೂನ್ ರಸ್ತೆಯ ಕಡೆ ಉಳಿದರೆ ಅತ್ತೆಗೆ ಇಡ್ಲಿ ಸಿಗುತ್ತದೆ. 1947ರಿಂದ ನಡೆಯುತ್ತಿರುವ ಕೋಮಲ ವಿಲಾಸ್ ಅಲ್ಲೇ ಇದೆ. ಹಡಗು ಮರೀನಾ ಬೇ ಕ್ರೂಸ್ ಸೆಂಟರಿನಿಂದಾದರೆ ಮೆಟ್ರೋದ ಕೆಂಪು ಲೈನಿನ ಕೊನೆಯ ಸ್ಟೇಷನ್ ಮರೀನಾ ಸೌತ್ ಪಿಯರ್‌ನಲ್ಲಿ ಇಳಿಯಬೇಕು. ಸಾಮಾನು ಜಾಸ್ತಿ ಇದ್ದರೆ ಟ್ಯಾಕ್ಸಿಯೇ ಸರಿ.

ಬಂದರುಗಳಲ್ಲಿ ಹಡಗಿನವರ ಟೂರ್ ಎಲ್ಲಾ ಕಡೆ ಬೇಕಿಲ್ಲ. ಪೆನಾಂಗ್‌ನಲ್ಲಿ ಸ್ವೆಟನ್‌ಹ್ಯಾಮ್ ಕಟ್ಟೆಯಿಂದ ಹೊರಬಂದರೆ ಜಾರ್ಜ್ ಟೌನ್ ನಡೆದು ಹೋಗುವಷ್ಟು ಹತ್ತಿರ. ಲಿಟಲ್ ಇಂಡಿಯಾ, 1833ರ ಮಾರಿಯಮ್ಮನ ಗುಡಿ ಎರಡೂ ಅಲ್ಲೇ, ಟೂರಿಗೆ ದುಡ್ಡು ದಂಡ. ಪುಕೆಟ್‌ನಲ್ಲಿ ಹಾಗಲ್ಲ. ಎಷ್ಟೋ ಹಡಗುಗಳು ಪಟಾಂಗ್ ಕಡಲತೀರದ ಎದುರು ಲಂಗರು ಹಾಕಿ ಸಣ್ಣ ದೋಣಿಯಲ್ಲಿ ದಡಕ್ಕೆ ಬಿಡುತ್ತವೆ, ಅದಕ್ಕೇ ಹೋಗುವಾಗ ಬರುವಾಗ ಸಾಲು. ಇನ್ನೊಂದು ಅಪಾಯ ಗಡಿಯಾರದ್ದು. ಥಾಯ್ಲೆಂಡ್ ಸಮಯ ಸಿಂಗಾಪುರಕ್ಕಿಂತ ಒಂದು ಗಂಟೆ ಹಿಂದೆ. ಹಡಗು ಸಿಂಗಾಪುರದ ಸಮಯದಲ್ಲೇ ಉಳಿದು, ನಿನ್ನ ಫೋನು ತಾನಾಗಿಯೇ ಬದಲಾದರೆ, ಹಡಗಿನಲ್ಲಿ ನಾಲ್ಕಾದಾಗ ನಿನ್ನ ಕೈಯಲ್ಲಿ ಮೂರು. ಹಡಗಿನವರ ಟೂರಿನಲ್ಲಿ ಹೋದವರಿಗೆ ಕಾಯುತ್ತಾರೆ, ಸ್ವಂತವಾಗಿ ಹೋದವರಿಗೆ ಕಾಯುವುದಿಲ್ಲ. ಮಾವನವರ ಕೈಗೆ ಸಾದಾ ಗಡಿಯಾರ ಕಟ್ಟಿ ಹಡಗಿನ ಸಮಯಕ್ಕೆ ಇಟ್ಟುಬಿಡಿ. ಸಮುದ್ರದಲ್ಲಿ ಫೋನು ಏರೋಪ್ಲೇನ್ ಮೋಡಿನಲ್ಲೇ ಇರಲಿ. ಹಡಗಿನ ಮೊಬೈಲ್ ನೆಟ್‌ವರ್ಕ್ ಮಾಮೂಲಿ ರೋಮಿಂಗ್ ಪ್ಯಾಕಿನಲ್ಲಿ ಬರುವುದಿಲ್ಲ, ಅದಕ್ಕೆ ಸಿಕ್ಕಿಕೊಂಡರೆ ಬಿಲ್ಲು ನೋಡಿ ಕೂಗಿಕೊಳ್ಳಬೇಕಾಗುತ್ತದೆ.

ಹಡಗಿನ ಖಾತೆಯನ್ನು ದಿನಾ ಹಡಗಿನವರ ಆ್ಯಪ್‌ನಲ್ಲಿ ನೋಡು. ಕೊನೆಯ ರಾತ್ರಿ ನೋಡಿ ತಪ್ಪು ಹಿಡಿದರೆ ಕೌಂಟರಿನಲ್ಲಿ ಉದ್ದ ಸಾಲು. ಅದೇ ರಾತ್ರಿ ಸೂಟ್‌ಕೇಸನ್ನು ಬಾಗಿಲಾಚೆ ಇಡಬೇಕು. ಮಾರನೆಯ ಬೆಳಿಗ್ಗೆ ಹಾಕುವ ಬಟ್ಟೆ, ಚಪ್ಪಲಿ, ಮಾತ್ರೆ, ಪಾಸ್‌ಪೋರ್ಟ್ ಹೊರಗೆ ತೆಗೆದಿಟ್ಟುಕೊಂಡೇ ಇಡಿ.

ಸಿಂಗಾಪುರ ವೀಸಾ ಒಂದಕ್ಕಿಂತ ಹೆಚ್ಚು ಸಲ ಪ್ರವೇಶಕ್ಕೆ ಇದೆಯಾ ಅಂತ ಇವತ್ತೇ ನೋಡು, ಹಡಗಿನಿಂದ ಇಳಿಯುವುದೂ ಹೊಸ ಪ್ರವೇಶವೇ. ಎಸ್‌ಜಿ ಅರೈವಲ್ ಕಾರ್ಡನ್ನೂ (ಸಿಂಗಾಪುರಕ್ಕೆ ಬರುವವರು ಆನ್‌ಲೈನ್‌ನಲ್ಲಿ ತುಂಬುವ ಫಾರಂ) ವಿಮಾನಕ್ಕೊಂದು, ಹಡಗಿನಲ್ಲಿ ವಾಪಸ್ ಬರುವಾಗ ಇನ್ನೊಂದು ತುಂಬಬೇಕು, ಬಂದಿಳಿಯುವ ದಿನವೂ ಸೇರಿ ಅದಕ್ಕೆ ಮುಂಚಿನ ಮೂರು ದಿನದ ಒಳಗೆ. ಅದು ಪುಕ್ಕಟೆ, ದುಡ್ಡು ಕೇಳುವ ಸೈಟ್ ಬಂದರೆ ಮುಚ್ಚು. ನಾಲ್ಕೂ ಜನರ ವೀಸಾ, ಇನ್ಶೂರೆನ್ಸ್ ಪ್ರತಿ ನನ್ನ ವಾಟ್ಸಾಪ್‌ಗೆ ಕಳಿಸಿ, ಒಂದು ಸೆಟ್ ಪ್ರಿಂಟ್ ಹಾಕಿಸಿಡುತ್ತೇನೆ. ಶನಿವಾರ ಬಂದಾಗ ಕೋಡುಬಳೆ ಜೊತೆ ತಗೊಂಡು ಹೋಗುವಿಯಂತೆ.

ಇಂತಿ,
ಅಮ್ಮ