ಧಾಬಾದಲ್ಲಿ ಸಿಗದ ಜೋಳದ ರೊಟ್ಟಿ

ಮಾನ್ಯರೇ,

ಗಾಣಗಾಪುರದಲ್ಲಿ ದತ್ತನ ದರ್ಶನ ಮುಗಿಸಿ ಅಕ್ಕಲಕೋಟೆಯ ಸ್ವಾಮಿ ಸಮರ್ಥರ ಸನ್ನಿಧಿಗೆ ಬರುವ ಕನ್ನಡಿಗರು ದಾರಿಯಲ್ಲಿ ಏನು ತಿನ್ನುತ್ತಾರೆ? ಪನೀರ್ ಮಸಾಲಾ, ತಂದೂರಿ ರೊಟ್ಟಿ, ಗೋಬಿ ಮಂಚೂರಿ. ಸೋಲಾಪುರ ಜಿಲ್ಲೆ ಅಪ್ಪಟ ಜೋಳದ ಸೀಮೆ; ಇಲ್ಲಿನ ಮಂಗಳವೇಢೆಯ ಜೋಳಕ್ಕೆ ಭೌಗೋಳಿಕ ಸೂಚಕದ ಮಾನ್ಯತೆಯೂ ಇದೆ. ಆದರೂ ಈ ಭಾಗದ ಹೆದ್ದಾರಿಯ ಧಾಬಾಗಳಲ್ಲಿ ಕೈಯಲ್ಲಿ ಬಡಿದ ಬಿಸಿ ರೊಟ್ಟಿ ಕೇಳಿದರೆ ಮಾಣಿಗಳು ನಮ್ಮನ್ನೇ ವಿಚಿತ್ರವಾಗಿ ನೋಡುತ್ತಾರೆ.

ಹಾಗೆಂದು ಅದು ಸಿಗುವುದೇ ಇಲ್ಲವೆಂದಲ್ಲ. ಬಸ್ ನಿಲ್ದಾಣದ ಹಿಂದೆ, ಸಂತೆಪೇಟೆಯ ಓಣಿಗಳಲ್ಲಿ ಖಾನಾವಳಿಗಳಿವೆ. ತಾಟಿನಲ್ಲಿ ರೊಟ್ಟಿಯ ಜತೆ ಬದನೆ ಎಣ್ಣೆಗಾಯಿ, ಪುಂಡಿ ಪಲ್ಯ, ಜುಣಕ, ಎಣ್ಣೆ ಬಿಡುವವರೆಗೆ ಕುಟ್ಟಿದ ಶೇಂಗಾ ಚಟ್ನಿ, ಗಟ್ಟಿ ಮೊಸರು, ಕಚ್ಚಲು ಹಸಿ ಉಳ್ಳಾಗಡ್ಡಿ. ಒಲೆಯ ಮುಂದೆ ಕುಳಿತ ಅವ್ವಂದಿರು ಮರಾಠಿಯಲ್ಲಿ ಲೆಕ್ಕ ಹೇಳುತ್ತಾರೆ, ಕನ್ನಡದಲ್ಲಿ ಇನ್ನೊಂದು ರೊಟ್ಟಿಗೆ ಒತ್ತಾಯಿಸುತ್ತಾರೆ. ಬೇಡವೆಂದರೂ ಹಾಕುತ್ತಾರೆ ಎನ್ನುವುದು ಬೇರೆ ಮಾತು.

ಹೆದ್ದಾರಿ ಅಗಲವಾಗಿ ಊರುಗಳನ್ನು ಬಳಸಿ ಹೋದ ಮೇಲೆ ಕಾರಿನವರು ಈ ಓಣಿಗಳತ್ತ ಬರುವುದು ಕಡಿಮೆಯಾಗಿದೆ. ಊರಿಗೆ ತಿರುಗುವ ಜಾಗದಲ್ಲಿ ಖಾನಾವಳಿಗಳ ದಾರಿ ತೋರಿಸುವ ಫಲಕವನ್ನು ಮರಾಠಿ, ಕನ್ನಡ ಎರಡರಲ್ಲೂ ಹಾಕಲು ಸ್ಥಳೀಯ ಆಡಳಿತಕ್ಕೆ ಎಷ್ಟು ಖರ್ಚಾದೀತು? ಅಲ್ಲಿಯವರೆಗೆ ಪ್ರಯಾಣಿಕರು ಮೊಬೈಲಿನ ನಕ್ಷತ್ರಗಳನ್ನು ನಂಬುವ ಬದಲು ಸಂತೆಗೆ ಬಂದ ರೈತರನ್ನು ಕೇಳಲಿ. ಮಧ್ಯಾಹ್ನ ಎರಡರೊಳಗೆ ತಲುಪುವುದು ಒಳ್ಳೆಯದು, ಆಮೇಲೆ ಪುಂಡಿ ಪಲ್ಯ ಉಳಿದಿರುವುದಿಲ್ಲ.

– ಓದುಗ, ಅಕ್ಕಲಕೋಟೆ, ಸೋಲಾಪುರ ಜಿಲ್ಲೆ