‘ಪುಟ್ ಅಪ್’ ಬಗ್ಗೆ ಒಬ್ಬ ಯುವ ಅನುವಾದಕನಿಗೆ

ಪ್ರೀತಿಯ ತಮ್ಮನಿಗೆ, ಆಶೀರ್ವಾದಗಳು.

ನಿನ್ನ ಹಸ್ತಪ್ರತಿಯೂ ಜೊತೆಗಿದ್ದ ಕಾಗದವೂ ತಲುಪಿದವು. ಅನುವಾದವನ್ನೇ ಬಿಟ್ಟುಬಿಡುತ್ತೇನೆ ಎಂದು ಬರೆದಿದ್ದೀಯ. ಬಿಡಬೇಡ. ಪ್ರಕಾಶಕರನ್ನು ಹುಡುಕುವುದು ಹೇಗೆ, ಪದ್ಯವನ್ನು ಗದ್ಯ ಮಾಡಬಹುದೇ, ಪಾತ್ರಗಳ ಹೆಸರನ್ನು ಕನ್ನಡಕ್ಕೆ ಒಗ್ಗಿಸಬೇಕೇ ಎಂದೆಲ್ಲ ಕೇಳಿದ್ದೀಯ. ಅದಕ್ಕೆ ಉತ್ತರ ಹೇಳುವವರು ಬೇಕಾದಷ್ಟು ಜನ ಸಿಗುತ್ತಾರೆ. ನಾನು ಒಂದೇ ಮಾತು ಹೇಳುತ್ತೇನೆ, ಅದೂ ನಿನ್ನ ನಾಲ್ಕನೇ ಪುಟ ಹಿಡಿದು.

‘ರೋಮಿಯೋ ಮತ್ತು ಜೂಲಿಯೆಟ್’ನ ಮೊದಲ ದೃಶ್ಯ. ವೆರೋನಾದ ಬೀದಿಯಲ್ಲಿ ಎರಡು ಮನೆತನಗಳ ಆಳುಗಳು ಕತ್ತಿ ಹಿರಿದು ನಿಂತಿದ್ದಾರೆ. ಬೆನ್ವೋಲಿಯೋ ನಡುವೆ ನುಗ್ಗಿ ‘ಪುಟ್ ಅಪ್ ಯುವರ್ ಸೋರ್ಡ್ಸ್’ ಎನ್ನುತ್ತಾನೆ. ನೀನು ಬರೆದದ್ದು: ‘ಎತ್ತಿ ನಿಮ್ಮ ಕತ್ತಿಗಳನ್ನು!’ ಓದಲು ಕಾವಿದೆ, ಲಯವೂ ಇದೆ. ಆದರೆ ಜಗಳ ಬಿಡಿಸಲು ಬಂದವನು ಜಗಳ ಹಚ್ಚುವವನಾಗಿಬಿಟ್ಟ. 1590ರ ದಶಕದ ಇಂಗ್ಲಿಷಿನಲ್ಲಿ ಕತ್ತಿಯ ಜೊತೆ ‘ಪುಟ್ ಅಪ್’ ಬಂದರೆ ಒರೆಗೆ ಸೇರಿಸು ಎಂದರ್ಥ. 1611ರ ಇಂಗ್ಲಿಷ್ ಬೈಬಲ್ಲಿನಲ್ಲೂ ಅದೇ. ಮಹಾಯಾಜಕನ ಆಳಿನ ಕಿವಿ ಕತ್ತರಿಸಿದ ಪೇತ್ರನಿಗೆ ಯೇಸು ಹೇಳುವಾಗ ಇದೇ ಕ್ರಿಯಾಪದವಿದೆ. ಅಲ್ಲಿ ಒರೆಯ ಹೆಸರೂ ಪಕ್ಕದಲ್ಲೇ ಇರುವುದರಿಂದ ಯಾರೂ ತಪ್ಪುವುದಿಲ್ಲ. ಷೇಕ್ಸ್‌ಪಿಯರ್ ಒರೆಯ ಹೆಸರು ಹೇಳಲಿಲ್ಲ. ನೀನು ನಿಘಂಟು ತೆಗೆಯಲಿಲ್ಲ.

ನನಗೆ ಬೇಸರವಾದದ್ದು ಆ ತಪ್ಪಿಗಲ್ಲ, ಅದರ ಕೆಳಗೆ ನೀನು ಮಾಡಿದ್ದಕ್ಕೆ. ಕೆಲವೇ ಸಾಲು ದಾಟಿದರೆ ಬೆನ್ವೋಲಿಯೋ, ನಾನು ಶಾಂತಿ ಕಾಯುತ್ತಿದ್ದೇನೆ, ನೀನೂ ಕತ್ತಿ ‘ಪುಟ್ ಅಪ್’ ಮಾಡು, ಇಲ್ಲವೇ ಇವರನ್ನು ಬಿಡಿಸಲು ಅದನ್ನು ಬಳಸು ಎಂದು ಎದುರು ಮನೆತನದ ಟಿಬಾಲ್ಟ್‌ಗೆ ಹೇಳುತ್ತಾನೆ. ಕತ್ತಿ ಹಿರಿದುಕೊಂಡು ಶಾಂತಿಯ ಮಾತೇ ಎಂದು ಟಿಬಾಲ್ಟ್ ರೇಗುತ್ತಾನೆ. ಈ ಮಾತುಗಳು ನಿನ್ನ ‘ಎತ್ತಿ’ಗೆ ಒಗ್ಗಲಿಲ್ಲ. ಆಗ ನಿಲ್ಲಬೇಕಿತ್ತು. ನೀನು ‘ಶಾಂತಿ’ಯನ್ನು ‘ಮಾನ’ ಮಾಡಿ ಸರಿದೂಗಿಸಿದೆ. ಮೊದಲ ತಪ್ಪು ಅರಿಯದೆ ಆದದ್ದು, ಎರಡನೆಯದು ಅರಿತು ಮಾಡಿದ್ದು. ಮೂಲ ನಿನ್ನ ಅರ್ಥಕ್ಕೆ ಎದುರು ನಿಂತಾಗ ಮೂಲವನ್ನು ಬಗ್ಗಿಸಬೇಡ, ಹಿಂದಿನ ಸಾಲಿಗೆ ವಾಪಸು ಹೋಗು.

ನನಗೆ ಇಂಗ್ಲಿಷ್ ಸಾಲದು ಎಂದು ಕೊರಗಿದ್ದೀಯ. ಇಂದಿನ ಇಂಗ್ಲಿಷ್ ನಿನಗೆ ಚೆನ್ನಾಗಿ ಬರುತ್ತದೆ, ತೊಂದರೆ ಬಂದದ್ದೇ ಅಲ್ಲಿಂದ. ಗೊತ್ತಿಲ್ಲದ ದೊಡ್ಡ ಪದ ಬಂದಾಗಲೆಲ್ಲ ನೀನು ನಿಘಂಟು ನೋಡಿದ್ದೀಯ, ಅಂಥ ಒಂದು ಕಡೆಯೂ ಜಾರಿಲ್ಲ. ಜಾರಿರುವುದೆಲ್ಲ ಮೂರಕ್ಷರದ ಕ್ರಿಯಾಪದಕ್ಕೆ ‘ಅಪ್’, ‘ಆಫ್’, ‘ಔಟ್’ ಅಂಟಿಕೊಂಡ ಕಡೆ. ಇವಕ್ಕೆ ‘ಫ್ರೇಸಲ್ ವರ್ಬ್’ ಎಂಬ ಹೆಸರು 1925ರಲ್ಲಿ ಲೋಗನ್ ಪಿಯರ್ಸಾಲ್ ಸ್ಮಿತ್ ಬರೆದ ಪುಸ್ತಕದಿಂದ ಬಳಕೆಗೆ ಬಂತು. ಆದರೆ ಹೊರಗಿನವರಿಗೆ ಅತಿ ಕಷ್ಟ ಕೊಡುವುದು ಈ ಜೋಡಿಗಳೇ ಎಂದು ಸ್ಯಾಮ್ಯುಯೆಲ್ ಜಾನ್ಸನ್ 1755ರ ತನ್ನ ನಿಘಂಟಿನ ಮುನ್ನುಡಿಯಲ್ಲೇ ಎಚ್ಚರಿಸಿದ್ದ.

ಈಗ ‘ಅಪ್’ ನೋಡು. ಮೇಲೆ ಎಂಬ ಅರ್ಥ ಅದಕ್ಕಿದೆ. ಅದರ ಜೊತೆಗೆ ಕೆಲಸ ಪೂರ್ತಿ ಮುಗಿಯಿತು ಎಂಬ ಅರ್ಥವೂ ಇದೆ: ‘ಈಟ್ ಅಪ್’, ‘ಡ್ರಿಂಕ್ ಅಪ್’, ‘ಲಾಕ್ ಅಪ್’. ನಮ್ಮ ತಿಂದುಬಿಡು, ಕುಡಿದುಬಿಡುಗಳಲ್ಲಿ ‘ಬಿಡು’ ಏನನ್ನೂ ಬಿಡುವುದಿಲ್ಲವಲ್ಲ, ಹಾಗೆ. ಇನ್ನೂ ಹತ್ತಿರದ್ದು ಬೇಕೆಂದರೆ ನಿನ್ನ ಮನೆಯಲ್ಲೇ ಇದೆ: ಎತ್ತಿಡು. ಪಾತ್ರೆ ಎತ್ತಿಡು, ಹಾಸಿಗೆ ಎತ್ತಿಡು ಎಂದರೆ ಅದರ ಜಾಗಕ್ಕೆ ಸೇರಿಸು ಎಂದು. ಕತ್ತಿ ಎತ್ತಿದವನು ಹೊಡೆಯಲು ಬಂದವನು, ಎತ್ತಿಟ್ಟವನು ಹೊಡೆದಾಟ ಸಾಕು ಎಂದವನು. ‘ಇಡು’ ಒಂದೇ ಕಡಿಮೆಯಾಗಿ ನಿನ್ನ ಸಾಲು ಕೆಟ್ಟಿತು. ಹಾಗೆಂದು ಬೀದಿಜಗಳದಲ್ಲಿ ‘ಎತ್ತಿಡಿ’ ಹಾಕಬೇಡ, ಅದಕ್ಕೆ ಅಡುಗೆಮನೆಯ ದನಿ. ‘ಒರೆಗೆ ಸೇರಿಸಿ’ ಎನ್ನು. ‘ಒರೆಗೆ ಹಚ್ಚಿ’ ಅಂತೂ ಬೇಡವೇ ಬೇಡ. ಅದು ಚಿನ್ನ ಪರೀಕ್ಷಿಸುವ ಒರೆಗಲ್ಲಿನ ಮಾತು.

ಎತ್ತಿಡುವ ಈ ಅರ್ಥ ಮನಸ್ಸಿನಲ್ಲಿ ಕೂತರೆ ಮಿಕ್ಕವು ತಾವಾಗಿ ಬಿಚ್ಚಿಕೊಳ್ಳುತ್ತವೆ. ಕತ್ತಿ ಒರೆಗೆ ಹೋಗುವ ಹಾಗೆ ಅವಮಾನ ಜೇಬಿಗೆ ಹೋಗುತ್ತದೆ. ‘ಟೈಟಸ್ ಆಂಡ್ರಾನಿಕಸ್’ನ ಮೊದಲ ಅಂಕದಲ್ಲಿ ರೋಮಿನ ಚಕ್ರವರ್ತಿ ಸ್ಯಾಟರ್ನೈನಸ್, ಎಲ್ಲರೆದುರು ಮಾನ ಹೋದರೂ ಸೇಡು ತೀರಿಸಿಕೊಳ್ಳದೆ ಹೇಡಿಯಂತೆ ಅದನ್ನು ‘ಪುಟ್ ಅಪ್’ ಮಾಡಲೇ ಎಂದು ಕೇಳುತ್ತಾನೆ. ಸಹಿಸಿಕೊಳ್ಳು ಎನ್ನಲು ಇಂದು ಹೇಳುವ ‘ಪುಟ್ ಅಪ್ ವಿತ್’ನ ‘ವಿತ್’ ಇಲ್ಲಿಲ್ಲ, ಗಮನಿಸು. ಇದರ ಪಕ್ಕದ್ದೇ ‘ಪಾಕೆಟ್ ಅಪ್’. ‘ಕಿಂಗ್ ಜಾನ್’ ನಾಟಕದಲ್ಲಿ ಆಸ್ಟ್ರಿಯಾದ ಡ್ಯೂಕ್ ಈ ಅನ್ಯಾಯಗಳನ್ನು ಜೇಬಿಗಿಳಿಸಲೇಬೇಕಾಗಿದೆ ಎಂದಾಗ, ನಿನ್ನ ಚಡ್ಡಿಯೇ ಅವನ್ನು ಹೊರಲು ಸರಿ ಎಂದು ‘ಬಾಸ್ಟರ್ಡ್’ ಎಂದೇ ಕರೆಸಿಕೊಳ್ಳುವ ಪಾತ್ರ ತಿವಿಯುತ್ತದೆ. ಆ ಮಾತಿಗೆ ನಗು ಹುಟ್ಟಬೇಕಾದರೆ ನೋಡುವವರ ಕಣ್ಣಮುಂದೆ ನಿಜವಾದ ಜೇಬೇ ಇರಬೇಕು. ಜಾನ್ಸನ್ ಕೂಡ ‘ಪುಟ್ ಅಪ್’ಗೆ ಸೇಡು ತೀರಿಸದೆ ಬಿಡುವುದು ಎಂಬ ಅರ್ಥ ಕೊಟ್ಟಿದ್ದಾನೆ. ಇಂದು ನಾವು ಬಳಸುವ ‘ಪುಟ್ ಅಪ್ ವಿತ್’ ಬೇರೂರಿದ್ದು 18ನೇ ಶತಮಾನದಲ್ಲಿ.

ಕನ್ನಡದಲ್ಲಿ ಇದಕ್ಕೆ ಎಲ್ಲ ಕಡೆಯೂ ‘ಸಹಿಸು’ ಹಾಕಿದ್ದೀಯ. ಸಾಲದು. ಸಹಿಸು ಎಂದಾಗ ಜೇಬೂ ಇಲ್ಲ, ಒರೆಯೂ ಇಲ್ಲ. ‘ಹೊಟ್ಟೆಗೆ ಹಾಕಿಕೊಳ್ಳು’ ಇದೆಯಲ್ಲ, ಒಳಗಿಟ್ಟು ಮುಚ್ಚುವ ಚಿತ್ರ ಅದರಲ್ಲಿದೆ. ಆದರೆ ದೊಡ್ಡವರು ಚಿಕ್ಕವರ ತಪ್ಪನ್ನು ಹೊಟ್ಟೆಗೆ ಹಾಕಿಕೊಳ್ಳುತ್ತಾರೆ, ಅದರಲ್ಲಿ ಔದಾರ್ಯವಿದೆ. ಸ್ಯಾಟರ್ನೈನಸ್‌ನಲ್ಲಿ ಔದಾರ್ಯದ ಹನಿಯೂ ಇಲ್ಲ. ಅವನಿಗೆ ‘ಅವಮಾನ ನುಂಗಿಕೊಳ್ಳಲೇ?’ ಸರಿ.

ಡಿಕನ್ಸ್ ಭಾಗದಲ್ಲೂ ಇದೇ ಹಳ್ಳಕ್ಕೆ ಬಿದ್ದಿದ್ದೀಯ. ‘ಆಲಿವರ್ ಟ್ವಿಸ್ಟ್’ನಲ್ಲಿ ಶವಪೆಟ್ಟಿಗೆ ಮಾಡುವ ಸೋವರ್‌ಬೆರಿ ಆಗಷ್ಟೇ ಶಟರ್ ‘ಪುಟ್ ಅಪ್’ ಮಾಡಿ, ಮೇಣದಬತ್ತಿಯ ಬೆಳಕಿನಲ್ಲಿ ದಿನದ ಲೆಕ್ಕ ಬರೆಯುತ್ತಿರುವಾಗ ಬಂಬಲ್ ಎಂಬ ಅಧಿಕಾರಿ ಅನಾಥ ಹುಡುಗ ಆಲಿವರ್‌ನನ್ನು ಕರೆತರುತ್ತಾನೆ. ನೀನು ‘ಅಂಗಡಿಯ ಶಟರ್ ಎತ್ತಿ’ ಎಂದೆ. ನಮ್ಮ ಪೇಟೆಯಲ್ಲಿ ಶಟರ್ ಎತ್ತಿದರೆ ಅಂಗಡಿ ತೆರೆಯಿತು ಎಂದು. 1830ರ ದಶಕದ ಇಂಗ್ಲೆಂಡಿನ ಅಂಗಡಿಯ ಶಟರ್ ಸುರುಳಿಯಲ್ಲ, ಬಿಡಿಬಿಡಿ ಮರದ ಹಲಗೆ. ಬೆಳಿಗ್ಗೆ ಹುಡುಗರು ಅದನ್ನು ತೆಗೆದು ಒಳಗಿಡಬೇಕು, ಸಂಜೆ ಹೊತ್ತು ತಂದು ಕಿಟಕಿಗೆ ನಿಲ್ಲಿಸಬೇಕು. ಹಾಗಾಗಿ ‘ಪುಟ್ ಅಪ್’ ಎಂದರೆ ಮುಚ್ಚುವುದು, ‘ಟೇಕ್ ಡೌನ್’ ಎಂದರೆ ತೆರೆಯುವುದು. ‘ಅಂಗಡಿಗೆ ಹಲಗೆ ಹಾಕಿ’ ಎಂದು ಬರೆ. ಹಲಗೆ ಬಾಗಿಲಿನ ಅಂಗಡಿ ನಮ್ಮ ಹಳೆಯ ಪೇಟೆಗಳಲ್ಲೂ ಇತ್ತು. ಮೇಣದಬತ್ತಿ ಉರಿಯುತ್ತಿದೆ ಎಂದು ನೀನೇ ಮುಂದೆ ಬರೆದಿದ್ದೀಯಲ್ಲ, ಅಂಗಡಿ ತೆರೆಯುವ ಹೊತ್ತಿಗೆ ಮೇಣದಬತ್ತಿ ಯಾಕೆ ಎಂದು ಕೇಳಿಕೊಳ್ಳಬಾರದಿತ್ತೇ?

ಇನ್ನು ಮಾಡಬೇಕಾದ್ದು. ಕನ್ನಡಕ್ಕೆ ಕೈಹಾಕುವ ಮೊದಲು ಇಡೀ ದೃಶ್ಯವನ್ನು ಪೆನ್ಸಿಲ್ ಹಿಡಿದು ಓದು. ಇಂಥ ಜೋಡಿ ಸಿಕ್ಕಲ್ಲೆಲ್ಲ ಗೆರೆ ಎಳೆ, ಅರ್ಥ ಗೊತ್ತಿದ್ದರೂ ಎಳೆ. ಅಂಚಿನಲ್ಲಿ ಕೃತಿಯ ಇಸವಿ ಬರೆದುಕೋ. ಆಮೇಲೆ ಆಕ್ಸ್‌ಫರ್ಡ್ ದೊಡ್ಡ ನಿಘಂಟಿನಲ್ಲಿ ‘ಅಪ್’ ಅಡಿಯಲ್ಲಿ ಹುಡುಕಬೇಡ, ‘ಪುಟ್’ ಅಡಿಯಲ್ಲಿ ಹುಡುಕು. ನಮೂದಿನ ಕೊನೆಯ ಕಡೆ ಇಂಥ ಜೋಡಿಗಳೇ ಬೇರೆಯಾಗಿ ಇರುತ್ತವೆ. ಪ್ರತಿ ಅರ್ಥದ ಕೆಳಗೆ ಇಸವಿ ಸಮೇತ ಉದಾಹರಣೆಗಳಿವೆ. ಮೊದಲ ಉದಾಹರಣೆ ನಿನ್ನ ಕೃತಿಗಿಂತ ಬಹಳ ಈಚಿನದಾದರೆ ಆ ಅರ್ಥದ ಮೇಲೆ ಅನುಮಾನವಿರಲಿ. ಅರ್ಥದ ಆರಂಭದಲ್ಲಿ ಬಾಕಿನ ಗುರುತಿದ್ದರೆ (†) ಆ ಅರ್ಥ ಈಗ ಬಳಕೆಯಲ್ಲಿಲ್ಲ ಎಂದು. ನಿನಗೆ ಬೇಕಾದ್ದು ಬಹುಪಾಲು ಅಲ್ಲೇ ಸಿಗುತ್ತದೆ. ಇಂಗ್ಲಿಷ್-ಕನ್ನಡ ನಿಘಂಟನ್ನು ಕೊನೆಗೆ ತೆಗೆ. ಎಲ್ಲ ಕಾಲದ ಅರ್ಥಗಳನ್ನೂ ಅಲ್ಪವಿರಾಮ ಹಾಕಿ ಒಂದೇ ಸಾಲಿನಲ್ಲಿ ಸುರಿಯುವ ನಿಘಂಟುಗಳ ಮೇಲೆ ನನಗಿರುವ ಸಿಟ್ಟು ಇನ್ನೂ ಆರಿಲ್ಲ.

ಅನುವಾದ ಸೊಗಸಾಗಿ ಓದಿಸಿಕೊಂಡು ಹೋಗುತ್ತದೆ ಎಂದು ನಿನ್ನ ಗೆಳೆಯರು ಹೊಗಳಿದರಂತೆ. ಮೂಲವನ್ನು ಪಕ್ಕದಲ್ಲಿಟ್ಟುಕೊಂಡು ಓದಿದವರು ಅವರಲ್ಲಿ ಎಷ್ಟು ಜನ? ನಮ್ಮ ವಿಮರ್ಶೆಯೂ ಎಷ್ಟೋ ಸಲ ಮೂಲವನ್ನು ತೆರೆಯದೆಯೇ ಅನುವಾದವನ್ನು ಮೆಚ್ಚಿದೆ. ಅಂಥ ಮೆಚ್ಚುಗೆಯನ್ನು ಲೆಕ್ಕಕ್ಕೆ ಇಟ್ಟುಕೊಳ್ಳಬೇಡ. ನಿನ್ನ ಕನ್ನಡ ಒಳ್ಳೆಯದು ಎಂದು ನಾನು ಮೂಲ ನೋಡಿಯೇ ಹೇಳುತ್ತಿದ್ದೇನೆ. ಬೆನ್ವೋಲಿಯೋನ ಕೈಗೆ ಅಷ್ಟು ಚಂದದ ತಪ್ಪು ಸಾಲು ಕೊಟ್ಟವನು ಸರಿಯಾದದ್ದನ್ನೂ ಕೊಡಬಲ್ಲ.

ಹಸ್ತಪ್ರತಿಯನ್ನು ವಾಪಸು ಕಳಿಸುತ್ತಿದ್ದೇನೆ. ಉಳಿದ ‘ಪುಟ್ ಅಪ್’ಗಳಿಗೆ ಕೆಂಪು ಗೆರೆ ಎಳೆದಿದ್ದೇನೆ, ಅರ್ಥ ಬರೆದಿಲ್ಲ. 31ನೇ ಪುಟದಲ್ಲಿ ಸತ್ರಕ್ಕೆ ಬಂದವನು ಕುದುರೆಯನ್ನು ‘ಪುಟ್ ಅಪ್’ ಮಾಡುತ್ತಾನೆ, 44ರಲ್ಲಿ ನಾಯಿ ಮೊಲವನ್ನು ಮಾಡುತ್ತದೆ. ಒಂದರಲ್ಲಿ ಪ್ರಾಣಿ ಲಾಯಕ್ಕೆ ಸೇರುತ್ತದೆ, ಇನ್ನೊಂದರಲ್ಲಿ ಅಡಗಿದ್ದಲ್ಲಿಂದ ಎದ್ದು ಓಡುತ್ತದೆ. ಎರಡಕ್ಕೂ ಕನ್ನಡ ಹುಡುಕಿ, ಮೊದಲ ದೃಶ್ಯವನ್ನು ಹೊಸದಾಗಿ ಬರೆದು ಕಳಿಸು. ದೀಪಾವಳಿಯೊಳಗೆ ಬಂದರೆ ಕೂಡಲೇ ಓದುತ್ತೇನೆ.

ಇಂತಿ ನಿನ್ನ
ಅಣ್ಣ